ಹಳೇ ನಕ್ಷೆ ಹಿಡಿದು ಹಾಳೂರು ಹುಡುಕುವುದು ಹೇಗೆ? ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯವರಿಗೆ

ಮೆಟಲ್ ಡಿಟೆಕ್ಟರ್ ಕೊಂಡವರು ಕೇಳುವ ಪ್ರಶ್ನೆ ಒಂದೇ: "ಎಲ್ಲಿ ಹೋಗಿ ಹುಡುಕಲಿ?" ಊರಿನ ಇತಿಹಾಸದ ಹುಚ್ಚು ಹಿಡಿದವರು ಕೇಳುವುದೂ ಹೆಚ್ಚುಕಡಿಮೆ ಅದನ್ನೇ: "ನಮ್ಮ ಹಳೇ ಊರು ಎಲ್ಲಿತ್ತು?" ಜಾಗ ಗುರುತಿಸುವ ತನಕ ಇಬ್ಬರ ಕೆಲಸವೂ ಒಂದೇ, ನಕ್ಷೆಗಳೂ ಅವೇ. ಜಾಗ ಸಿಕ್ಕ ಮೇಲೆ ದಾರಿ ಬೇರೆಯಾಗುತ್ತದೆ. ಡಿಟೆಕ್ಟರ್ ಕೊಂಡವರಿಗೆ ರುಚಿಸದ ಮಾತು ಅಲ್ಲಿದೆ, ಅದನ್ನು ಮೊದಲೇ ಹೇಳಿ ಮುಗಿಸೋಣ.

ನಕ್ಷೆ ಬಿಚ್ಚುವ ಮುಂಚೆ: ಕಾನೂನು

ವಿಡಿಯೋಗಳಲ್ಲಿ ಕಾಣುವ ಇಂಗ್ಲೆಂಡಿನ ಪದ್ಧತಿ, ಅಂದರೆ ಹೊಲದ ಒಡೆಯನನ್ನು ಕೇಳಿ ಡಿಟೆಕ್ಟರ್ ಆಡಿಸಿ ನಾಣ್ಯ ಅಗೆದು ತೆಗೆಯುವುದು, ನಮ್ಮಲ್ಲಿ ನಡೆಯುವುದಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ವಿಗ್ರಹ, ಶಾಸನಗಳು ಪ್ರಾಚ್ಯವಸ್ತುಗಳು. ನೆಲದೊಳಗಿನಿಂದ ಬೆಲೆಬಾಳುವುದು ಏನೇ ಬಂದರೂ 1962ರ ಕರ್ನಾಟಕ ನಿಧಿ ಕಾಯ್ದೆ ಲಾಗೂ ಆಗುತ್ತದೆ. ಹೊಲ ನಿಮ್ಮದೇ ಇದ್ದರೂ ಸರ್ಕಾರಕ್ಕೆ ತಿಳಿಸಲೇಬೇಕು. ಪ್ರಾಚೀನ ನೆಲೆಯಲ್ಲಿ ಉತ್ಖನನಕ್ಕೆ ಪರವಾನಗಿ ಬೇಕು, ಹವ್ಯಾಸಿಗಳಿಗೆ ಅದು ಸಿಗುವಂಥದಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕವಿದ್ದರೆ ಅದರ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ವಿಜಯಪುರ ಶಹರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಇಂಥ ವಲಯಗಳು ಒಂದಕ್ಕೊಂದು ತಾಕಿಕೊಂಡೇ ಇವೆ.

ಹಾಗಾಗಿ ಇಲ್ಲಿ ಹೇಳುವುದು ನೋಡುವ, ಅಳೆಯುವ, ಬರೆದಿಡುವ ಕೆಲಸ. ಗುದ್ದಲಿ ಇಲ್ಲ, ಡಿಟೆಕ್ಟರ್ ಮನೆಯಲ್ಲೇ. ನಿಧಿಗಳ್ಳರ ಕಾಟದಿಂದ ನಮ್ಮ ಕಡೆಯ ಹಾಳು ಗುಡಿಗಳ ಗರ್ಭಗುಡಿಯೆಲ್ಲ ತಗ್ಗು ಬಿದ್ದಿವೆ. ಹೊಲದಲ್ಲಿ ಯಂತ್ರ ಹಿಡಿದು ಅಡ್ಡಾಡುವ ಹೊರಗಿನವರನ್ನು ಊರವರು ಯಾವ ಕಣ್ಣಿನಿಂದ ನೋಡುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಬೇಕಾಗುವ ಸಾಮಾನು

ಕಂಪ್ಯೂಟರ್ ಒಂದು, ಅದರಲ್ಲಿ ಪುಕ್ಕಟೆ ಸಿಗುವ ಕ್ಯೂಜಿಐಎಸ್ (ನಕ್ಷೆಗಳ ಕೆಲಸದ ತಂತ್ರಾಂಶ) ಮತ್ತು ಗೂಗಲ್ ಅರ್ಥ್ ಪ್ರೊ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್: ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರಿ ಆ್ಯಪ್ ಇದು. ಮಿಲಿಮೀಟರ್ ಗೆರೆ ಸ್ಪಷ್ಟವಿರುವ ಸ್ಕೇಲು, 30 ಮೀಟರ್ ಟೇಪು, ನೋಟುಬುಕ್ಕು. ಮಿಕ್ಕಿದ್ದು ನಕ್ಷೆಗಳು.

1. ಊರಿನ ಹೆಸರುಗಳನ್ನೆಲ್ಲ ಬರೆದುಕೊಳ್ಳಿ

ಹುಡುಕಾಟ ತಪ್ಪುವುದು ಹೆಚ್ಚಾಗಿ ಇಲ್ಲೇ. ಬ್ರಿಟಿಷರ ಕಾಲದ ನಕ್ಷೆಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಟ, ತ, ಡ, ದ, ಲ, ಳಗಳ ಭೇದವಿಲ್ಲ. ಬರೆದ ಗುಮಾಸ್ತ ಮರಾಠಿಯವನಾದರೆ ಹಳ್ಳಿ ಹೆಸರಿನ ಬಾಲ ಮರಾಠಿಯಾಗಿರುತ್ತದೆ. ಹಿರೇ, ಚಿಕ್ಕ ಎಂದು ನಾವು ಕರೆಯುವ ಜೋಡಿ ಊರುಗಳು ಬೆಳಗಾವಿ ಕಡೆಯ ದಾಖಲೆಗಳಲ್ಲಿ ಬುದ್ರುಕ್, ಖುರ್ದ್ ಆಗಿರುತ್ತವೆ. ಬುದ್ರುಕ್ ಎಂದರೆ ದೊಡ್ಡದು, ಖುರ್ದ್ ಎಂದರೆ ಸಣ್ಣದು. ಕನಿಷ್ಠ ಐದಾರು ಬಗೆಯ ಉಚ್ಚಾರ ಬರೆದಿಟ್ಟುಕೊಂಡು ಪ್ರತಿಯೊಂದನ್ನೂ ಹುಡುಕಿ.

ತಾಲೂಕು, ಜಿಲ್ಲೆಗಳ ಹೆಸರೂ ಅಂದಿನದೇ ಬೇಕು. ವಿಜಯಪುರ ಜಿಲ್ಲೆ 1885ಕ್ಕೆ ಮುಂಚೆ ಕಲಾದಗಿ ಜಿಲ್ಲೆ, ಕಚೇರಿ ಇದ್ದದ್ದೂ ಕಲಾದಗಿಯಲ್ಲೇ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಅದರ ಹಿಂದಿನ ಕಾಗದವೆಲ್ಲ ಬಿಜಾಪುರದ ಹೆಸರಿನಲ್ಲಿ. ಬೈಲಹೊಂಗಲದ ಸುತ್ತಮುತ್ತಲಿನದು ಹಳೇ ಸಂಪಗಾವಿ ತಾಲೂಕು, ಸವದತ್ತಿಯದು ಪರಸಗಡ ತಾಲೂಕು. ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನಗಳಾಗಿದ್ದವು. ಅವುಗಳ ಹಳ್ಳಿಗಳು ಬ್ರಿಟಿಷ್ ಜಿಲ್ಲೆಯ ಪಟ್ಟಿಯಲ್ಲಿ ಇರುವುದಿಲ್ಲ. ಸಿಗಲಿಲ್ಲ ಎಂದು ಕೈಬಿಡುವ ಮುಂಚೆ ಇದನ್ನು ನೋಡಿಕೊಳ್ಳಿ.

ಒಂದು ಎಚ್ಚರಿಕೆ: ಊರಿನ ಹೆಸರಿನ ಕೊನೆಗೆ 'ಹಾಳ' ಎಂದಿದ್ದರೆ ಅದು ಹಾಳಾದ ಊರು ಎಂದುಕೊಳ್ಳಬೇಡಿ. ಮುದ್ದೇಬಿಹಾಳ ತಾಲೂಕು ಕೇಂದ್ರ. ಹೊಲದ ಹೆಸರಿನಲ್ಲಿ 'ಹಾಳೂರ ಪಟ್ಟಿ', 'ಹಳೇ ಊರ ಹೊಲ' ಎಂದಿದ್ದರೆ ಅದು ಬೇರೆ ಮಾತು. ಕಿವಿ ನಿಮಿರಬೇಕಾದದ್ದು ಅಲ್ಲಿ.

ಜನಗಣತಿಯ ಜಿಲ್ಲಾ ಕೈಪಿಡಿಯನ್ನೂ ತಿರುವಿಹಾಕಿ. ಗ್ರಾಮಗಳ ಪಟ್ಟಿಯಲ್ಲಿ ಕೆಲವದರ ಮುಂದೆ ಜನವಸತಿ ಇಲ್ಲ ಎಂದಿರುತ್ತದೆ. ಕಂದಾಯದವರ ಭಾಷೆಯಲ್ಲಿ ಇವು ಬೇಚರಾಕ್ ಗ್ರಾಮಗಳು. ಚಿರಾಗ್ ಇಲ್ಲದ್ದು, ಅಂದರೆ ದೀಪ ಹಚ್ಚುವವರಿಲ್ಲದ್ದು. ಜನ ಹೋದರೂ ಗ್ರಾಮದ ಗಡಿ, ಹೆಸರು, ಸರ್ವೆ ನಂಬರುಗಳು ಕಾಗದದಲ್ಲಿ ಉಳಿದುಬಿಟ್ಟಿವೆ. ಹೊಸಬರು ಕಲಿಯಲು ಇದಕ್ಕಿಂತ ಸಲೀಸಾದ ಜಾಗವಿಲ್ಲ: ಊರು ಇತ್ತು ಎನ್ನುವುದಕ್ಕೆ ಪುರಾವೆ ಮೊದಲೇ ಕೈಯಲ್ಲಿದೆ, ಗಡಿಯೊಳಗೆ ಎಲ್ಲಿ ಎಂಬುದಷ್ಟೇ ಬಾಕಿ.

2. ಟೋಪೋಶೀಟಿನ ನಂಬರ್ ಲೆಕ್ಕ ಹಾಕಿ

ಟೋಪೋಶೀಟ್ ಎಂದರೆ ಸರ್ವೇ ಆಫ್ ಇಂಡಿಯಾದ ಸ್ಥಳಾಕೃತಿ ನಕ್ಷೆ: ಗುಡ್ಡ, ಹಳ್ಳ, ದಾರಿ, ಊರು, ಬಾವಿ ಎಲ್ಲ ಇರುವಂಥದು. ಹಳೆಯದು ಒಂದು ಇಂಚಿಗೆ ಒಂದು ಮೈಲು, ಅಂದರೆ 1:63,360. ಈಗಿನದು 1:50,000.

ಹಳೇ ಸಂಖ್ಯಾಕ್ರಮ ಹೀಗಿದೆ. ದೇಶವನ್ನು ನಾಲ್ಕು ಡಿಗ್ರಿಯ ಚೌಕಗಳಾಗಿ ಮಾಡಿ ನಂಬರ್ ಕೊಟ್ಟಿದ್ದಾರೆ. ಪ್ರತಿ ಚೌಕದೊಳಗೆ ಒಂದೊಂದು ಡಿಗ್ರಿಯ 16 ಚೌಕ, ಎಯಿಂದ ಪಿವರೆಗೆ. ಅದರೊಳಗೆ 15 ನಿಮಿಷದ 16 ಹಾಳೆ. ಎಣಿಕೆ ಮೇಲಿನಿಂದ ಕೆಳಕ್ಕೆ ಇಳಿದು, ಮುಂದಿನ ಸಾಲಿಗೆ ಮತ್ತೆ ಮೇಲಿನಿಂದ ಶುರು. ಎಡದಿಂದ ಬಲಕ್ಕೆ ಎಣಿಸಿದರೆ ಬೇರೆ ತಾಲೂಕಿನ ಹಾಳೆ ಕೈಗೆ ಬರುತ್ತದೆ. ವಿಜಯಪುರ ಶಹರ 47 ಪಿ/9, ಬಾಗಲಕೋಟೆ 47 ಪಿ/12, ಐಹೊಳೆ 47 ಪಿ/16, ಇಂಡಿ 47 ಓ/16, ಗೋಕಾಕ 47 ಎಲ್/16. ಹದಿನಾರು ಡಿಗ್ರಿ ಅಕ್ಷಾಂಶದ ಕೆಳಗೆ ನಂಬರ್ 48: ಬಾದಾಮಿ 48 ಎಂ/9. ಬೆಳಗಾವಿ ಶಹರದ ಪಡುವಲು 48 ಐ/5, ಮೂಡಲು 48 ಐ/9. ಊರು ಎರಡು ಹಾಳೆಗೆ ಹಂಚಿಹೋಗಿದೆ. 76 ಡಿಗ್ರಿ ರೇಖಾಂಶ ದಾಟಿದರೆ 56, ತಾಳಿಕೋಟೆ 56 ಡಿ/7. ಒಂದೊಂದು ಹಾಳೆ ತೆಂಕು-ಬಡಗು ಸುಮಾರು 27.7 ಕಿ.ಮೀ., ಮೂಡು-ಪಡು ಸುಮಾರು 26.6 ಕಿ.ಮೀ. ನೆಲ ಹಿಡಿಯುತ್ತದೆ.

ಈಗಿನ ಓಪನ್ ಸೀರೀಸ್ ನಕ್ಷೆ ಸರ್ವೇ ಆಫ್ ಇಂಡಿಯಾದ ಆನ್‌ಲೈನ್ ಪೋರ್ಟಲ್‌ನಲ್ಲಿ ಪಿಡಿಎಫ್ ಆಗಿ ಸಿಗುತ್ತದೆ. ಅದರ ನಂಬರ್ ಕ್ರಮ ಬೇರೆ, ಎರಡನ್ನೂ ಕಲಸಬೇಡಿ. 1950ರ ದಶಕದ ಅಮೆರಿಕ ಸೇನೆಯ 1:250,000 ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಪುಕ್ಕಟೆ ಇವೆ. ಹಾಳೂರು ಹುಡುಕಲು ಅವು ತೀರಾ ದೊಡ್ಡ ಜರಡಿ. ಹಳೇ ರಸ್ತೆಗಳ ಜಾಡು ನೋಡಲು ಮಾತ್ರ ಅಡ್ಡಿಯಿಲ್ಲ.

3. ನಕ್ಷೆಯ ವಯಸ್ಸು ತಿಳಿದುಕೊಳ್ಳಿ

ಹಾಳೆಯ ಅಂಚಿನಲ್ಲಿ ಸರ್ವೆ ಆದ ವರ್ಷ ಒಂದು, ಅಚ್ಚಾದ ವರ್ಷ ಇನ್ನೊಂದು ಇರುತ್ತದೆ. ನಿಮಗೆ ಬೇಕಾದದ್ದು ಸರ್ವೆ ವರ್ಷ. ಅಂಚು ಹರಿದಿದ್ದರೆ ಒಳಗಿನ ಗುರುತು ನೋಡಿ. ಗದಗ-ಹೊಟಗಿ ರೈಲು ಹಳಿ ಇದ್ದರೆ ಆ ನಕ್ಷೆ 1880ರ ದಶಕಕ್ಕಿಂತ ಈಚಿನದು. ಹಿಡಕಲ್ ಜಲಾಶಯ ಕಂಡರೆ 1970ರ ದಶಕ ದಾಟಿದೆ. ಬಾಗಲಕೋಟೆಯ ಹಳೇ ಪೇಟೆಗೆ ನೀರು ತಾಗಿದ್ದು ಕಂಡರೆ ಅದು ಆಲಮಟ್ಟಿಯ ನಂತರದ್ದು.

1905ಕ್ಕಿಂತ ಹಿಂದಿನ ನಕ್ಷೆಯಾದರೆ ಇನ್ನೊಂದು ತೊಡಕಿದೆ. ಆ ಕಾಲದವರು ಮದ್ರಾಸ್ ವೀಕ್ಷಣಾಲಯದ ರೇಖಾಂಶವನ್ನು 80 ಡಿಗ್ರಿ 17 ನಿಮಿಷ 21 ಸೆಕೆಂಡ್ ಎಂದು ಹಿಡಿದು ನಕ್ಷೆ ಬರೆದರು. ಅದು ಸುಮಾರು ಎರಡೂವರೆ ನಿಮಿಷ ಹೆಚ್ಚು. ನಮ್ಮ ಅಕ್ಷಾಂಶದಲ್ಲಿ ಅದರ ಬೆಲೆ ಸುಮಾರು 4.4 ಕಿಲೋಮೀಟರ್. ಅಂಚಿನ ರೇಖಾಂಶವನ್ನು ಹಾಗೇ ಗೂಗಲ್ ಅರ್ಥ್‌ಗೆ ತುಂಬಿದರೆ ನಿಮ್ಮ ಹಾಳೂರು ಮೂಡಲಿನ ಪಕ್ಕದೂರಿನ ಹೊಲದಲ್ಲಿ ಹೋಗಿ ಕೂರುತ್ತದೆ. ಕೆಲವು ಹಾಳೆಗಳ ಅಂಚಿನಲ್ಲೇ ಈ ತಿದ್ದುಪಡಿ ಸಣ್ಣಕ್ಷರದಲ್ಲಿ ಇದೆ, ಕಣ್ಣಿಟ್ಟು ಓದಿ.

4. ಟೋಪೋಶೀಟ್ ಓದುವಾಗ ಏನನ್ನು ಹುಡುಕಬೇಕು

ಚಿಹ್ನೆಗಳ ಪಟ್ಟಿಯಲ್ಲಿ ಜನವಸತಿ ಇರುವ ಊರು, ಪಾಳುಬಿದ್ದ ಊರು ಎಂದು ಎರಡು ಗುರುತು ಇವೆ. ಪಾಳು ಊರಿನದು ಒಳಗೆ ಬಣ್ಣ ತುಂಬದ ಬರೀ ಗೆರೆ. ಅದು ಕಂಡರೆ ಕೆಲಸ ಅರ್ಧ ಮುಗಿದ ಹಾಗೆ. ಆದರೆ ಸರ್ವೆಯವರು ಬರುವ ಹೊತ್ತಿಗೆ ಗೋಡೆಗಳು ನಿಂತಿದ್ದರೆ ಮಾತ್ರ ಹಾಗೆ ಬರೆದಿರುತ್ತಾರೆ. ಮಣ್ಣಿನ ಗೋಡೆಯ, ಮಾಳಿಗೆಯ ಮನೆಗಳು ಜನ ಬಿಟ್ಟ ಕೆಲವೇ ದಶಕಗಳಲ್ಲಿ ದಿಬ್ಬವಾಗುತ್ತವೆ. 1876-78ರ ಬರ ಕಲಾದಗಿ ಜಿಲ್ಲೆಯನ್ನು ಹಿಂಡಿ ಹಾಕಿತ್ತು. ಆಗ ಖಾಲಿಯಾದ ಊರು 20ನೇ ಶತಮಾನದ ಸರ್ವೆಯಲ್ಲಿ ಗೆರೆಯಾಗಿಯೂ ಉಳಿದಿರಲಿಕ್ಕಿಲ್ಲ.

ಇಂಥವನ್ನು ಪರೋಕ್ಷವಾಗಿ ಹಿಡಿಯಬೇಕು. ನಿಜವಾದ ಕೌಶಲ ಇರುವುದು ಇಲ್ಲೇ.

ದಾರಿಗಳನ್ನು ನೋಡಿ. ಗಾಡಿದಾರಿ, ಕಾಲುದಾರಿಗಳು ಊರಿನಿಂದ ಊರಿಗೆ ಹೋಗುತ್ತವೆ. ನಾಲ್ಕೈದು ದಾರಿ ಬಂದು ಏನೂ ಇಲ್ಲದ ಬಯಲಿನಲ್ಲಿ ಕೂಡುತ್ತಿದ್ದರೆ ಅಲ್ಲೇನೋ ಇತ್ತು. ಊರು ಸತ್ತರೂ ದಾರಿ ಬೇಗ ಸಾಯುವುದಿಲ್ಲ, ಹೊಲಕ್ಕೆ ಹೋಗುವವರು ಅದನ್ನೇ ತುಳಿಯುತ್ತಾರೆ.

ಒಂಟಿ ಗುಡಿಯನ್ನು ನೋಡಿ. ನಮ್ಮ ಕಡೆ ಊರ ಅಗಸಿಯ ಬಳಿ ಹನುಮಪ್ಪ ಇರುವುದು ವಾಡಿಕೆ. ಅಗಸಿ ಎಂದರೆ ಊರಿನ ಹೆಬ್ಬಾಗಿಲು. ಹೊಲದ ನಡುವೆ ಹನುಮಪ್ಪನ ಗುಡಿ ಒಂದೇ ನಿಂತಿದ್ದು, ಕೂಗಳತೆಯಲ್ಲಿ ಕಟ್ಟಿದ ಬಾವಿಯೂ ಇದ್ದರೆ ನಡುವಿನ ಜಾಗವನ್ನು ಸುತ್ತುಹಾಕಿ ಗುರುತು ಮಾಡಿ. ಟೋಪೋಶೀಟಿನಲ್ಲಿ ಕಲ್ಲು ಕಟ್ಟಿದ ಬಾವಿಗೂ ಕಟ್ಟದ ಬಾವಿಗೂ ಬೇರೆ ಬೇರೆ ಚಿಹ್ನೆ ಇದೆ. ಕಟ್ಟಿದ್ದು ಕುಡಿಯುವ ನೀರಿನದಾಗಿರುವ ಸಾಧ್ಯತೆ ಹೆಚ್ಚು.

ಕಾಂಟೂರ್, ಅಂದರೆ ಸಮ ಎತ್ತರದ ಗೆರೆ, ಹಾಳೂರಿನ ದಿಬ್ಬವನ್ನು ತೋರಿಸುವುದಿಲ್ಲ. ಹಳೇ ಹಾಳೆಯಲ್ಲಿ ಗೆರೆಗಳ ಅಂತರ 50 ಅಡಿ, ಹೊಸದರಲ್ಲಿ 20 ಮೀಟರ್. ಎರಡು ಮೂರು ಮೀಟರ್ ದಿಬ್ಬ ಅದರಲ್ಲಿ ಮಾಯ. ಆದರೆ ಮುಳುಗಡೆ ಹಳ್ಳಿಗಳಿಗೆ ಕಾಂಟೂರಿನಷ್ಟು ಉಪಯೋಗದ್ದು ಇನ್ನೊಂದಿಲ್ಲ. ಆಲಮಟ್ಟಿಯ ಪೂರ್ಣ ಜಲಮಟ್ಟ 519.60 ಮೀಟರ್, ಹಳೇ ಲೆಕ್ಕದಲ್ಲಿ ಸುಮಾರು 1,705 ಅಡಿ. ಹೊಸ ಹಾಳೆಯ 520 ಮೀಟರ್ ಗೆರೆ, ಹಳೇ ಹಾಳೆಯ 1,700 ಅಡಿ ಗೆರೆ ಎರಡೂ ಹೆಚ್ಚುಕಡಿಮೆ ನೀರಿನ ಅಂಚೇ. ಹಳೇ ಹಾಳೆಯಲ್ಲಿ ಆ ಗೆರೆಗೆ ಬಣ್ಣ ಹಚ್ಚಿ, ಒಳಗೆ ಬಿದ್ದ ಊರುಗಳ ಹೆಸರು ಬರೆದುಕೊಳ್ಳಿ. ಗೆರೆಯ ಹತ್ತಿರದವು ಬೇಸಿಗೆಯಲ್ಲಿ ಮೊದಲು ಹೊರಬರುವ ಊರುಗಳು. ಹಿಡಕಲ್ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲನ ಗುಡಿ ನೀರು ಇಳಿದಾಗ ಕಾಣುವುದೂ ಹೀಗೆಯೇ.

5. ಗ್ರಾಮ ನಕ್ಷೆ: ಇದರ ಮುಂದೆ ಮಿಕ್ಕವು ಸಪ್ಪೆ

ಓದುಗರು ಟೋಪೋಶೀಟಿನ ಹಿಂದೆ ಬಿದ್ದು ಗ್ರಾಮ ನಕ್ಷೆಯನ್ನು ಮರೆಯುತ್ತಾರೆ. ಟೋಪೋಶೀಟಿನ 1 ಮಿ.ಮೀ. ನೆಲದ ಮೇಲೆ 63 ಮೀಟರ್. ಗ್ರಾಮ ನಕ್ಷೆಯ ಪ್ರಮಾಣ 1:7920, ಅಂದರೆ ಮೈಲಿಗೆ 8 ಇಂಚು. ಅದರ 1 ಮಿ.ಮೀ. ಎಂಟು ಮೀಟರೂ ಇಲ್ಲ. ಪ್ರತಿ ಸರ್ವೆ ನಂಬರಿನ ಗಡಿ, ಹಳ್ಳ, ದಾರಿ, ಬಾವಿ, ಗುಡಿ, ಗಾಂವಠಾಣ ಇದರಲ್ಲಿವೆ. ಗಾಂವಠಾಣ ಎಂದರೆ ಮನೆಗಳಿಗೆ ಬಿಟ್ಟ ಜಾಗ. ಈಗಿನ ಊರು ಒಂದು ಕಡೆ, ನಕ್ಷೆಯ ಗಾಂವಠಾಣ ಇನ್ನೊಂದು ಕಡೆ ಇದ್ದರೆ ಹಾಳೂರು ಸಿಕ್ಕಿತು.

ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ಜಿಲ್ಲೆ, ತಾಲೂಕು, ಹೋಬಳಿ ಆರಿಸಿದರೆ ಗ್ರಾಮ ನಕ್ಷೆಯ ಪಿಡಿಎಫ್ ಪುಕ್ಕಟೆ ಇಳಿಯುತ್ತದೆ. ಮುದ್ರಿಸುವಾಗ 'ಹಾಳೆಗೆ ಹೊಂದಿಸು' ಎಂಬುದನ್ನು ತೆಗೆದುಬಿಡಿ. ಎ4 ಹಾಳೆಗೆ ಕುಗ್ಗಿದ ನಕ್ಷೆಯ ಮೇಲೆ 1:7920 ಎಂದು ಅಚ್ಚಾಗಿದ್ದರೂ ಅದು ಸುಳ್ಳು. ನಕ್ಷೆಯ ಅಳತೆಪಟ್ಟಿಯ ಮೇಲೆ ಸ್ಕೇಲಿಟ್ಟು ಒಮ್ಮೆ ಪರೀಕ್ಷಿಸಿ.

ಇಲ್ಲಿ ಅಳೆಯುವ ಕ್ರಮ ಹೀಗೆ. ಮೊದಲು ನೆಲದ ಮೇಲೆ ಇಂದಿಗೂ ಅಲುಗದ ಗುರುತು ಬೇಕು. ಮೂರು ಗ್ರಾಮಗಳ ಗಡಿ ಕೂಡುವ ತ್ರಿಸೀಮೆ ಕಲ್ಲು ಎಲ್ಲಕ್ಕಿಂತ ಒಳ್ಳೆಯದು. ನಕ್ಷೆಯಲ್ಲಿ ಗುಡಿ ಆ ಕಲ್ಲಿನಿಂದ ಬಡಗಲಿಗೆ 31 ಮಿ.ಮೀ., ಮೂಡಲಿಗೆ 12 ಮಿ.ಮೀ. ಇದೆ ಎಂದಿಟ್ಟುಕೊಳ್ಳಿ. 7.92ರಿಂದ ಗುಣಿಸಿದರೆ ಬಡಗಲಿಗೆ 246 ಮೀಟರ್, ಮೂಡಲಿಗೆ 95 ಮೀಟರ್. ಕಾಗದದ ಮೇಲೆ ಅರ್ಧ ಮಿಲಿಮೀಟರ್ ತಪ್ಪಿದರೂ ನೆಲದ ಮೇಲೆ ನಾಲ್ಕು ಮೀಟರಷ್ಟೇ ವ್ಯತ್ಯಾಸ. ಟೋಪೋಶೀಟಿನಲ್ಲಿ ಅದೇ ತಪ್ಪು 32 ಮೀಟರ್.

ಇನ್ನೂ ಸೂಕ್ಷ್ಮ ಬೇಕೆಂದರೆ ತಾಲೂಕಿನ ಭೂದಾಖಲೆ ಕಚೇರಿಯಲ್ಲಿ ಆ ಸರ್ವೆ ನಂಬರಿನ ಟಿಪ್ಪಣಿಯ ನಕಲು ಕೇಳಿ. ಟಿಪ್ಪಣಿ ಎಂದರೆ ಅಳತೆ ಮಾಡಿದವರು ಹೊಲದಲ್ಲೇ ಬರೆದ ಕೈನಕ್ಷೆ, ಬದಿಯ ಉದ್ದಗಳು ಸರಪಳಿ-ಆಣೆಯಲ್ಲಿ ಇರುತ್ತವೆ. ಮುಂಬೈ ಪ್ರಾಂತದ ಅಳತೆಯಲ್ಲಿ ಸರಪಳಿ 33 ಅಡಿ, ಅದಕ್ಕೆ 16 ಆಣೆ. '7 ಸರಪಳಿ 8 ಆಣೆ' ಎಂದರೆ ಏಳೂವರೆ ಸರಪಳಿ: 247.5 ಅಡಿ, 75.4 ಮೀಟರ್. ಎಡವುವುದು ಎಲ್ಲಿ ಎಂದರೆ, ಪುಸ್ತಕಗಳಲ್ಲಿ ಸರಪಳಿ ಎಂದರೆ 66 ಅಡಿ ಎಂದೇ ಬರೆದಿರುತ್ತದೆ. ಪರೀಕ್ಷೆ ಸುಲಭ. 33 ಅಡಿ ಉದ್ದ, 33 ಅಡಿ ಅಗಲ ಸೇರಿ ಒಂದು ಗುಂಟೆ. ಬದಿಗಳಿಂದ ಹೊಲದ ಕ್ಷೇತ್ರ ಲೆಕ್ಕ ಹಾಕಿ ಪಹಣಿಯ ಎಕರೆ-ಗುಂಟೆಗೆ ಹೋಲಿಸಿ. ನಾಲ್ಕು ಪಟ್ಟು ಬಂದರೆ ಸರಪಳಿ ತಪ್ಪು ಹಿಡಿದಿದ್ದೀರಿ.

ಇನ್ನೊಂದು ಗೊಂದಲ ನಮ್ಮ ಭಾಗಕ್ಕೇ ಮೀಸಲು: ರಿ.ಸ.ನಂ. ಮತ್ತು ಬ್ಲಾಕ್ ನಂಬರ್. ಮುಂಬೈ ಸರ್ಕಾರದ 1947ರ ಕಾಯ್ದೆಯಂತೆ ತುಂಡು ಹೊಲಗಳನ್ನು ಕೂಡಿಸಿದ ಊರುಗಳಲ್ಲಿ ರಿವಿಜನ್ ಸರ್ವೆ ನಂಬರ್ ಹೋಗಿ ಬ್ಲಾಕ್ ನಂಬರ್ ಬಂತು. ಹಳೇ ನಕ್ಷೆಯ 84ನೇ ನಂಬರು ದಿಶಾಂಕ್‌ನ 84 ಆಗಿರಲೇಬೇಕು ಎಂದೇನಿಲ್ಲ. ನಂಬರನ್ನು ನಂಬಬೇಡಿ, ಹೊಲದ ಆಕಾರ ಮತ್ತು ಅಕ್ಕಪಕ್ಕದ ಹಳ್ಳವನ್ನು ನಂಬಿ.

ಪಹಣಿಯನ್ನೂ ಓದಿ. 'ಬ' ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ. ಸುತ್ತಲೂ ಎರೆ ಹೊಲವಿದ್ದು ನಡುವೆ ಎರಡು ಮೂರು ಎಕರೆ ಖರಾಬೋ ಗಾಯರಾಣವೋ (ದನ ಮೇಯಲು ಬಿಟ್ಟ ನೆಲ) ಇದ್ದರೆ ಕಾರಣ ಹುಡುಕಿ. ಒಳ್ಳೆಯ ಎರೆಯನ್ನು ಯಾರೂ ಸುಮ್ಮನೆ ಬಿಟ್ಟಿರುವುದಿಲ್ಲ.

6. ನಕ್ಷೆಯನ್ನು ಇಂದಿನ ಚಿತ್ರದ ಮೇಲೆ ಕೂರಿಸಿ

ಇದಕ್ಕೆ ಜಿಯೋರೆಫರೆನ್ಸಿಂಗ್ ಎನ್ನುತ್ತಾರೆ: ಸ್ಕ್ಯಾನ್ ಮಾಡಿದ ಚಿತ್ರಕ್ಕೆ ಅಕ್ಷಾಂಶ-ರೇಖಾಂಶ ಕಟ್ಟುವುದು. ಸ್ಕ್ಯಾನ್ 300 ಡಿಪಿಐ ಇರಲಿ. ಮೊಬೈಲಿನಲ್ಲಿ ಫೋಟೋ ತೆಗೆದರೆ ಅಂಚುಗಳು ಬಾಗುತ್ತವೆ.

ಕ್ಯೂಜಿಐಎಸ್‌ನಲ್ಲಿ ಜಿಯೋರೆಫರೆನ್ಸರ್ ತೆರೆದು ಚಿತ್ರ ಹಾಕಿ, ಪ್ರೊಜೆಕ್ಷನ್, ಅಂದರೆ ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಕ್ರಮ, ಯುಟಿಎಂ 43 ಉತ್ತರ ಆರಿಸಿ. ಮೂರೂ ಜಿಲ್ಲೆ ಅದರೊಳಗೇ ಬರುತ್ತವೆ. ಎರಡರಲ್ಲೂ ಇರುವ ಗುರುತುಗಳನ್ನು ಒಂದೊಂದಾಗಿ ಜೋಡಿಸುತ್ತಾ ಹೋಗಿ. ಚಿತ್ರವನ್ನು ಎಳೆದು ಕೂರಿಸುವ ಲೆಕ್ಕಕ್ಕೆ ಪಾಲಿನೋಮಿಯಲ್ ಎನ್ನುತ್ತಾರೆ; ಮೊದಲ ದರ್ಜೆಯದಕ್ಕೆ ಕನಿಷ್ಠ ಮೂರು ಬಿಂದು, ಎರಡನೆಯದಕ್ಕೆ ಆರು ಬೇಕು. ಕನಿಷ್ಠಕ್ಕೆ ನಿಲ್ಲಿಸಬೇಡಿ. ಮೂರೇ ಬಿಂದು ಕೊಟ್ಟರೆ ತಪ್ಪಿನ ಅಂಕಿ ಸೊನ್ನೆ ತೋರಿಸುತ್ತದೆ, ಸರಿಯಾಗಿದೆ ಎಂದು ನೀವು ಹಿಗ್ಗುತ್ತೀರಿ. ಅದು ಲೆಕ್ಕದ ಆಟವಷ್ಟೇ. ಎಂಟು ಹತ್ತು ಬಿಂದು ಕೊಟ್ಟಾಗ ನಿಜ ಹೊರಬೀಳುತ್ತದೆ. ಬಿಂದುಗಳು ನಕ್ಷೆಯ ನಾಲ್ಕೂ ಕಡೆ ಹರಡಿರಲಿ.

ಯಾವುದನ್ನು ಬಿಂದುವಾಗಿ ಹಿಡಿಯಬೇಕು? ಗುಡಿಯ ಶಿಖರ, ಹಳೇ ಕಲ್ಲುಸೇತುವೆ, ತ್ರಿಸೀಮೆ, ಕೆರೆ ಏರಿಯ ತುದಿ. ಯಾವುದನ್ನು ಹಿಡಿಯಬಾರದು? ನದಿಯ ದಂಡೆ. ಕೃಷ್ಣೆಯೂ ಡೋಣಿಯೂ ದಂಡೆ ಕೊರೆದು ಸರಿಯುತ್ತವೆ. ಅಗಲ ಮಾಡಿದ ರಸ್ತೆಯ ಕೂಡುಗಳೂ ಬೇಡ. ರೈಲು ನಿಲ್ದಾಣ ಹಿಡಿಯುವುದಾದರೆ ಹಳೇ ಕಟ್ಟಡವೇ ಹೌದೇ ಎಂದು ನೋಡಿಕೊಳ್ಳಿ.

ಮೂಲೆಯ ಅಕ್ಷಾಂಶ-ರೇಖಾಂಶವನ್ನೇ ತುಂಬಿ ಕೂರಿಸುವವರು ಇನ್ನೊಂದು ತಿಳಿಯಬೇಕು. ಹಳೇ ಟೋಪೋಶೀಟುಗಳು ಎವರೆಸ್ಟ್ ಗೋಳಾಭದ ಮೇಲಿನವು, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಎರಡೂ ಭೂಮಿಯ ಆಕಾರವನ್ನು ಬೇರೆ ಬೇರೆ ಅಳತೆಯಲ್ಲಿ ಹಿಡಿಯುತ್ತವೆ. ತಿದ್ದದಿದ್ದರೆ ನಮ್ಮ ಭಾಗದಲ್ಲಿ ಎಲ್ಲವೂ ನೂರು ಮೀಟರಿಗೂ ಮಿಕ್ಕಿ ಸರಿದು ಕೂರುತ್ತದೆ. ನೆಲದ ಗುರುತುಗಳಿಗೆ ಕಟ್ಟಿದರೆ ಈ ತಲೆನೋವಿಲ್ಲ. ಬಟ್ಟೆಗೆ ಅಂಟಿಸಿ ಮಡಚಿದ ಹಳೇ ನಕ್ಷೆಯಾದರೆ ತುಂಡುಗಳ ನಡುವೆ ಬಿಳಿ ಸಂದು ಇರುತ್ತದೆ. ತುಂಡು ತುಂಡಾಗಿಯೇ ಕೂರಿಸಬೇಕು.

7. ಬಾನಿನಿಂದ ಒಮ್ಮೆ ನೋಡಿ

ಗೂಗಲ್ ಅರ್ಥ್ ಪ್ರೊದಲ್ಲಿ ಗಡಿಯಾರದ ಚಿತ್ರ ಒತ್ತಿದರೆ ಹಿಂದಿನ ವರ್ಷಗಳ ಚಿತ್ರಗಳು ಬರುತ್ತವೆ. ಮಾರ್ಚಿನಿಂದ ಮೇವರೆಗಿನದನ್ನು ಆರಿಸಿ. ಹಿಂಗಾರಿ ಜೋಳ, ಕಡಲೆ ಕಿತ್ತು ಎರೆ ಬೋಳಾಗಿರುತ್ತದೆ. ಕಪ್ಪು ನೆಲದ ನಡುವೆ ಬೂದಿಬಣ್ಣದ, ಅಂಚು ಮಸುಕಾದ ಕಲೆ ಕಂಡರೆ ಅದು ಹಾಳಮಣ್ಣು ಇರಬಹುದು: ಬೂದಿ, ಗೋಡೆಯ ಮಣ್ಣು, ಸಗಣಿ ಕೂಡಿ ಆದದ್ದು. ಸುಣ್ಣಕಲ್ಲಿನ ಹರಳು ಮೇಲೆ ಬಂದ ಜಾಗವೂ, ಕೆರೆ ಹೂಳು ಹೊಡೆದ ಹೊಲವೂ ಹೀಗೇ ಬಿಳಿಚಿಕೊಂಡು ಕಾಣುತ್ತವೆ. ಬಣ್ಣ ಒಂದನ್ನೇ ನಂಬಿ ಗಾಡಿ ಹೊಡೆಯಬೇಡಿ.

ಆಲಮಟ್ಟಿ, ಕಾಲುವೆ, ಜೆಸಿಬಿ ಇವು ಮೂರೂ ಬರುವ ಮುಂಚಿನ ನೆಲ ನೋಡಬೇಕೆಂದರೆ ಅಮೆರಿಕದ ಕೊರೋನಾ ಬೇಹುಗಾರಿಕೆ ಉಪಗ್ರಹದ ಚಿತ್ರಗಳಿವೆ. 1960ರಿಂದ 1972ರ ತನಕ ತೆಗೆದವು, 1995ರಲ್ಲಿ ಗುಪ್ತಪಟ್ಟಿಯಿಂದ ಹೊರಬಂದವು. ಅಮೆರಿಕದ ಭೂಸರ್ವೇಕ್ಷಣೆಯ ಅರ್ಥ್ ಎಕ್ಸ್‌ಪ್ಲೋರರ್ ತಾಣದಲ್ಲಿ ಖಾತೆ ತೆರೆದರೆ ಆಗಲೇ ಸ್ಕ್ಯಾನ್ ಆದವು ಪುಕ್ಕಟೆ ಸಿಗುತ್ತವೆ. ಉದ್ದನೆಯ ಪಟ್ಟಿಯ ಫಿಲ್ಮಾದ್ದರಿಂದ ಅಂಚಿನಲ್ಲಿ ಸೊಟ್ಟ ಹೆಚ್ಚು. ಇಡೀ ಪಟ್ಟಿ ಕೂರಿಸಲು ಹೋಗದೆ ನಿಮ್ಮೂರಿನ ಸುತ್ತ ನಾಲ್ಕೈದು ಕಿಲೋಮೀಟರ್ ಕತ್ತರಿಸಿಕೊಳ್ಳಿ.

8. ಹೊಲಕ್ಕೆ ಹೋಗುವುದು

ಹೊಲದ ಒಡೆಯರನ್ನು ಕೇಳಿಯೇ ಕಾಲಿಡಿ, ಗ್ರಾಮ ಪಂಚಾಯಿತಿಯಲ್ಲೂ ಒಂದು ಮಾತು ಹೇಳಿ. ನಕ್ಷೆಯ ಮುದ್ರಿತ ಪ್ರತಿ ಕೈಯಲ್ಲಿರಲಿ, ಬಂದ ಕಾರಣ ಅದೇ ಹೇಳುತ್ತದೆ. ಕಟ್ಟೆಯ ಮೇಲೆ ಕೂತ ಹಿರಿಯರನ್ನು "ಅಜ್ಜಾರ, ಹಾಳೂರ ಎಲ್ಲಿ ಬರತೈತ್ರಿ?" ಎಂದು ಕೇಳಿ. 'ಹಳೇ ಕಾಲದ ವಸ್ತು ಏನಾದರೂ ಸಿಕ್ಕಾವೇನು' ಎಂದು ಮಾತ್ರ ಬಾಯಿ ಬಿಡಬೇಡಿ, ಮಾತು ನಿಧಿಗೆ ತಿರುಗಿದರೆ ಮುಂದೆ ಯಾರೂ ಏನೂ ಹೇಳುವುದಿಲ್ಲ. ಕುರಿ ಮೇಯಿಸುವವರಿಗೆ ಒಂಟಿ ಕಲ್ಲು, ಹಾಳು ಬಾವಿಗಳೆಲ್ಲ ಗೊತ್ತಿರುತ್ತವೆ.

ದಿಶಾಂಕ್‌ನಲ್ಲಿ ಸರ್ವೆ ನಂಬರ್ ನೋಡಿ, ತ್ರಿಸೀಮೆ ಕಲ್ಲಿನಿಂದ ಟೇಪು ಹಿಡಿದು ಹೋಗಿ. ಹಳ್ಳಿಯಲ್ಲಿ ಜಿಪಿಎಸ್ ಐದು ಹತ್ತು ಮೀಟರ್ ಹೊಯ್ದಾಡುವುದು ಸಾಮಾನ್ಯ. ತಲುಪಿದ ಮೇಲೆ ನಿಧಾನಕ್ಕೆ ನೆಲ ನೋಡುತ್ತಾ ನಡೆಯಿರಿ. ಬೆಳಿಗ್ಗೆ ಎಂಟರೊಳಗಿನ ಓರೆ ಬಿಸಿಲಿನಲ್ಲಿ ಸಣ್ಣ ಉಬ್ಬುತಗ್ಗೂ ನೆರಳು ಬೀಳಿಸುತ್ತದೆ, ಹನ್ನೆರಡಕ್ಕೆ ಹೋದರೆ ಎಲ್ಲ ಮಟ್ಟಸ. ಕುಂಟೆ ಹೊಡೆದ ನೆಲದಲ್ಲಿ ಗಡಿಗೆ ಚೂರು, ಹಂಚಿನ ಬೋಕಿ, ಸವೆದ ಬೀಸುಕಲ್ಲಿನ ತುಂಡು, ಬಳೆಚೂರು ಇದ್ದರೆ ಅದು ವಸತಿ ಜಾಗ. ಚೂರುಗಳು ಎಲ್ಲಿ ದಟ್ಟ, ಎಲ್ಲಿ ವಿರಳ ಎಂದು ಹತ್ತು ಹೆಜ್ಜೆಗೊಮ್ಮೆ ಎಣಿಸಿ ಬರೆಯಿರಿ. ಊರಿನ ಅಂಚು ಅದರಿಂದಲೇ ಹೊರಬೀಳುತ್ತದೆ. ತಿಪ್ಪೆಗೊಬ್ಬರದ ಜೊತೆ ಬಂದ ಚೂರುಗಳು ಹೊಲದ ತುಂಬ ಸಮನಾಗಿ, ತೆಳ್ಳಗೆ ಹರಡಿರುತ್ತವೆ. ಒಂದೇ ಕಡೆ ಗುಂಪಾಗಿರುವುದಿಲ್ಲ.

ಜೀವಕ್ಕೆ ಅಪಾಯವಿರುವುದು ಹಗೇವಿನಿಂದ. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಒಳಗೆ ಮನುಷ್ಯ ನಿಲ್ಲುವಷ್ಟು ಹೊಟ್ಟೆ. ಹಾಳೂರಿನಲ್ಲಿ ಇವುಗಳ ಬಾಯಿ ಮಣ್ಣು ಮುಚ್ಚಿ ಗುರುತೇ ಇರುವುದಿಲ್ಲ. ಮಳೆಯಾದ ಮರುದಿನ ಅಂಥ ಜಾಗದ ಮೇಲೆ ನಡೆದರೆ ಕುಸಿಯಬಹುದು. ದುಂಡಗೆ ತಗ್ಗಾದ, ಸುತ್ತಲಿಗಿಂತ ಹಸಿರು ಹೆಚ್ಚಿರುವ ಕಡೆ ಕೋಲಿನಿಂದ ತಟ್ಟಿ ನೋಡಿ ಮುಂದೆ ಹೋಗಿ. ತೆರೆದ ಹಗೇವು ಕಂಡರೆ ಇಳಿಯಬೇಡಿ, ತಲೆಯನ್ನೂ ಒಳಹಾಕಬೇಡಿ. ಒಳಗಿನ ಕೆಟ್ಟ ಗಾಳಿ ಉಸಿರು ಕಟ್ಟಿಸುತ್ತದೆ. ಹಿನ್ನೀರು ಇಳಿದ ಜಾಗದಲ್ಲಿ ಮೇಲೆ ಒಣಗಿ ಬಿರಿದ ಹೂಳಿನ ಕೆಳಗೆ ಸೊಂಟದುದ್ದ ರಾಡಿ ಇರುತ್ತದೆ. ದನ ನಡೆದ ಹೆಜ್ಜೆಯ ಮೇಲೆ ಮಾತ್ರ ನಡೆಯಿರಿ.

ಹಾಳೂರೆಂದರೆ ಬಲು ಹಳೆಯದೇ ಆಗಿರಬೇಕಿಲ್ಲ. 2009ರ ನೆರೆಯ ನಂತರ ಆಸರೆ ಮನೆಗಳಿಗೆ ಹೋದವರ ಹಳೇ ಊರುಗಳು ಹೊಳೆಸಾಲಿನಲ್ಲಿವೆ. ಮನೆಗಳ ಒಡೆಯರು ಎರಡು ಕಿಲೋಮೀಟರ್ ಆಚೆಗೇ ಇದ್ದಾರೆ, ಅಲ್ಲಿನ ಬಾಗಿಲ ಚೌಕಟ್ಟು, ಕಲ್ಲು ಎಲ್ಲ ಇನ್ನೂ ಅವರದೇ.

9. ಬರೆದಿಡುವುದು, ತಿಳಿಸುವುದು

ಪ್ರತಿ ಜಾಗಕ್ಕೆ ಒಂದು ಪುಟ: ಗ್ರಾಮ, ಸರ್ವೆ ಅಥವಾ ಬ್ಲಾಕ್ ನಂಬರ್ (ಯಾವುದು ಎಂದು ಬರೆದು), ದಶಮಾಂಶದ ಐದು ಅಂಕಿಯವರೆಗೆ ಅಕ್ಷಾಂಶ-ರೇಖಾಂಶ, ಯಾವ ನಕ್ಷೆಯ ಯಾವ ವರ್ಷದ ಸರ್ವೆಯಲ್ಲಿ ಏನು ಕಂಡಿತು, ನೆಲದ ಮೇಲೆ ಏನು ಇತ್ತು, ಊರವರು ಆ ಜಾಗಕ್ಕೆ ಕರೆಯುವ ಹೆಸರು. ಫೋಟೋದಲ್ಲಿ ಅಳತೆಗೆ ಸ್ಕೇಲು ಕಾಣಲಿ. ಚೂರುಗಳನ್ನು ಇದ್ದಲ್ಲೇ ಬಿಡಿ, ಚೀಲಕ್ಕೆ ಹಾಕಿಕೊಂಡರೆ ಜಾಗದ ಲೆಕ್ಕವೇ ಕೆಡುತ್ತದೆ. ನಿಖರ ಜಾಗವನ್ನು ಫೇಸ್‌ಬುಕ್ಕಿಗೆ ಹಾಕಬೇಡಿ, ಗ್ರಾಮದ ಹೆಸರು ಸಾಕು.

ಶಾಸನ, ವೀರಗಲ್ಲು, ಮಾಸ್ತಿಕಲ್ಲು ಕಂಡರೆ ಸುಣ್ಣ, ಸೀಮೆಸುಣ್ಣ, ಎಣ್ಣೆ ಏನನ್ನೂ ಹಚ್ಚಬೇಡಿ. ಓರೆ ಬೆಳಕಿನಲ್ಲಿ ಫೋಟೋ ತೆಗೆದು ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ. ಕೇಂದ್ರ ಸಂರಕ್ಷಿತ ಜಾಗದ್ದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಧಾರವಾಡ ವಲಯಕ್ಕೆ. ನೇಗಿಲಿಗೆ ಸಿಕ್ಕು ನಾಣ್ಯವೋ ಗಡಿಗೆಯೋ ಮೇಲೆ ಬಂದಿದ್ದರೆ ಅಲ್ಲೇ ಬಿಟ್ಟು, ಹೊಲದವರ ಎದುರಿಗೇ ಫೋಟೋ ತೆಗೆದು, ಅದೇ ದಿನ ತಹಶೀಲ್ದಾರರಿಗೆ ತಿಳಿಸಿ. ಅರ್ಜಿಯ ಸ್ವೀಕೃತಿ ಪ್ರತಿಯನ್ನು ಹೊಲದವರ ಕೈಗೂ ಒಂದು ಕೊಡಿ. ನಾಳೆ ಪ್ರಶ್ನೆ ಬಂದರೆ ಮೊದಲು ಬರುವುದು ಅವರ ಬಾಗಿಲಿಗೇ.

ಡಿಟೆಕ್ಟರ್ ಕೊಂಡಾಗಿದೆ, ಏನು ಮಾಡಲಿ ಎನ್ನುವವರಿಗೆ

ಸ್ವಂತ ಹೊಲದಲ್ಲಿ ಕಳೆದ ಕುಂಟೆಯ ಕುಡ, ಟ್ರ್ಯಾಕ್ಟರಿನ ಪಿನ್ನು, ಕಣದಲ್ಲಿ ಬಿದ್ದ ಉಂಗುರ, ಹೂತ ಕಬ್ಬಿಣದ ಪೈಪಿನ ಜಾಡು ಇವುಗಳಿಗೆ ಬಳಸಿ. ನಮ್ಮ ನೆಲದಲ್ಲಿ ಯಂತ್ರ ಸುಮ್ಮಸುಮ್ಮನೆ ಕೂಗುತ್ತದೆ. ವಿಜಯಪುರದ ಕಪ್ಪು ಬಸಾಲ್ಟ್, ಬೆಳಗಾವಿ ಪಡುವಲಿನ ಕೆಂಪು ಜಂಬಿಟ್ಟಿಗೆ ಎರಡರಲ್ಲೂ ಕಬ್ಬಿಣದ ಅಂಶ ಹೆಚ್ಚು. ಹುಡುಕುವ ಮುಂಚೆ ಲೋಹವಿಲ್ಲದ ಜಾಗದಲ್ಲಿ ತಟ್ಟೆಯನ್ನು ಮೇಲೆ ಕೆಳಗೆ ಆಡಿಸಿ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ಮಣ್ಣಿನ ಸದ್ದನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಹೊಂದಿಸಿ. ಸೆನ್ಸಿಟಿವಿಟಿಯನ್ನು ಪೂರ್ತಿ ಏರಿಸದೆ ಅರ್ಧಕ್ಕಿಂತ ತುಸು ಮೇಲಿಡಿ. ಹಸಿ ಎರೆಯಲ್ಲಿ ಮಾಡಿದ ಹೊಂದಿಕೆ ಒಣ ಎರೆಗೆ ನಡೆಯುವುದಿಲ್ಲ, ಹೊಲ ಬದಲಾದಾಗಲೆಲ್ಲ ಮತ್ತೆ ಮಾಡಬೇಕು.